ಎರ್ರಮ್ಮನ ಸೊಸೆ

ಯಾರ ಮನೆಯವಳು ಎಂದು ಠಾಣೆಯ ದಫೇದಾರ ಪಕ್ಕೀರಪ್ಪ ಕೇಳಿದಾಗ ಉಚ್ಚಂಗೆಮ್ಮ ಒಡೆದ ತುಟಿಗೆ ಸೆರಗು ಒತ್ತಿಕೊಂಡು ಅತ್ತೆಯ ಹೆಸರು ಹೇಳಿದಳು. ಬರೆಯಲು ಬಗ್ಗಿದ್ದವನು ತಲೆಯೆತ್ತಿದ.

“ಎರ್ರಮ್ಮನ ಸೊಸಿಯೇನವ್ವಾ? ಮತ್ತ ಇಲ್ಲಿಗ್ಯಾಕ ಬಂದಿ?”

ಕೇಳಿದ್ದರಲ್ಲಿ ವ್ಯಂಗ್ಯವಿರಲಿಲ್ಲ. ಆ ಓಣಿಯಿಂದ ದೂರು ಬರುವುದು ನಿಂತು ವರ್ಷಗಳಾಗಿದ್ದವು. ಮೊದಲೆಲ್ಲ ಹೆಂಡತಿಗೆ ಹೊಡೆದವನನ್ನು ಪೊಲೀಸರು ಎಳೆದೊಯ್ದು ಚಚ್ಚುತ್ತಿದ್ದರು. ಅವನು ಮನೆಗೆ ಬಂದು ಅದೇ ಸಿಟ್ಟನ್ನು ಹೆಂಡತಿಯ ಮೇಲೆ ತೀರಿಸಿಕೊಳ್ಳುತ್ತಿದ್ದ. ಠಾಣೆಯ ಸಹವಾಸವೇ ಬೇಡವೆಂದು ಎರ್ರಮ್ಮ ಓಣಿಯ ಹೆಂಗಸರನ್ನು ಕೂಡಿಸಿದಳು. ಯಾರ ಮನೆಯಲ್ಲಿ ಕೂಗು ಕೇಳಿದರೂ ಎಲ್ಲರೂ ಹೋಗಿ ಬಾಗಿಲಲ್ಲಿ ಕುಳಿತುಬಿಡುವುದು. ಗಂಡಸು ಹೊರಗೆ ಬಂದು ತಪ್ಪಾಯಿತು ಎನ್ನುವವರೆಗೂ ಏಳದಿರುವುದು. ಹೊಸದಾಗಿ ಬಂದ ಸಬ್ ಇನ್ಸ್‌ಪೆಕ್ಟರು ಶಾಲೆಯ ಅಂಗಳದಲ್ಲಿ ಅವಳಿಗೆ ಹಾರ ಹಾಕಿ, ಊರಿಗೆಲ್ಲ ಇಂಥ ಕೂಟಗಳು ಬೇಕು ಎಂದಿದ್ದರು. ಆ ಮಾತು ಉಚ್ಚಂಗೆಮ್ಮನ ತವರು ಉಚ್ಚಂಗಿದುರ್ಗದವರೆಗೂ ಹೋಗಿತ್ತು. ಅಂಥ ಮನೆಯಲ್ಲಿ ಮಗಳ ಮೇಲೆ ಯಾರು ಕೈಯೆತ್ತಿಯಾರು ಎಂದೇ ಉಚ್ಚಂಗೆಮ್ಮನ ಅಪ್ಪ ಅವಳನ್ನು ಎರ್ರಮ್ಮನ ಮಗ ಸೋಮಪ್ಪನಿಗೆ ಕೊಟ್ಟಿದ್ದ. ಮದುವೆಯಾಗಿ ಬಂದವಳು ಅತ್ತೆಯ ಪಕ್ಕದಲ್ಲಿ ತಾನೂ ಹೋಗಿ ಕುಳಿತಿದ್ದಳು. ನೆರೆಮನೆಯ ದುರುಗಮ್ಮನ ಬಾಗಿಲಲ್ಲಂತೂ ಬಿಸಿಲು ಇಳಿಯುವವರೆಗೆ.

ಇಂದು ಬೆಳಿಗ್ಗೆ ಸೋಮಪ್ಪ, ಕಚೇರಿ ಕೆಲಸ ಸಿಕ್ಕ ಮೇಲೆ ಕೊಂಡಿದ್ದ ಬೆಲ್ಟನ್ನು ಬಿಚ್ಚಿದ. ತವರಿಗೆ ಹೋಗಿಬರುತ್ತೇನೆ ಎಂದು ಅವಳು ಕೇಳಿದ್ದೇ ನೆಪ. ಅವಳು ಕೂಗಿಕೊಂಡಳು. ಹೊರಗೆ ಹೆಂಗಸರ ಹೆಜ್ಜೆ ಸಪ್ಪಳ ಕೇಳಿ ಹೋದ ಜೀವ ಬಂದಂತಾಯಿತು. ಅಷ್ಟರಲ್ಲಿ ಅತ್ತೆ ಬಾಗಿಲು ಎಳೆದುಕೊಂಡು ಹೊರಗೆ ನಿಂತು, ಸೊಸೆ ಒಲೆಯ ಹತ್ತಿರ ಕಾಲು ಜಾರಿ ಬಿದ್ದಳು, ಏನಿಲ್ಲ ಹೋಗಿ, ಎಂದದ್ದು ಕೇಳಿಸಿತು. ಯಾರೂ ಎದುರಾಡಲಿಲ್ಲ. ಬಂದ ಹೆಜ್ಜೆಗಳು ಹಾಗೆಯೇ ತಿರುಗಿ ಹೋದವು.

ಪಕ್ಕೀರಪ್ಪ ದೂರು ಬರೆಯಲಿಲ್ಲ; ಎರ್ರಮ್ಮನಿಗೇ ಹೇಳಿಕಳಿಸಿದ. ಅವಳು ಬಂದಾಗ ಕುರ್ಚಿ ಕೊಟ್ಟು ಚಹಾ ತರಿಸಿದ. ಉಚ್ಚಂಗೆಮ್ಮ ಗೋಡೆಗೆ ಒರಗಿ ನಿಂತೇ ಇದ್ದಳು. ನಿಮ್ಮ ಓಣಿಯದನ್ನು ನೀವೇ ಬಗೆಹರಿಸಿಕೊಳ್ಳಿ, ನಾವು ಬಾಯಿ ಹಾಕಿದರೆ ನಿಮ್ಮ ಕೂಟದ ಹೆಸರು ಕೆಡುತ್ತದೆ ಎಂದು ಅವನು ಎದ್ದು ಒಳಗೆ ಹೋದ.

ಕೊಟ್ಟೂರು ರಸ್ತೆಯ ಬೇವಿನ ನೆರಳಿಗೆ ಬಂದಾಗ ಎರ್ರಮ್ಮ ನಿಂತಳು. ದನಿ ಮೆತ್ತಗಿತ್ತು.

“ನಮ್ಮನಿ ಮಾತು ಓಣ್ಯಾಗ ಬಿದ್ರ, ನಾಳಿ ಯಾವ ಮಕ ಇಟ್ಕಂಡು ಮಂದಿ ಬಾಗ್ಲಿಗಿ ಹೋಗಿ ಕುಂದರ್ಲಿ ಹೇಳು? ಅವಂಗ ನಾ ಬುದ್ಧಿ ಹೇಳ್ತೀನಿ.”

“ನನ್ ಬಾಗ್ಲಿಗಿ ಯಾರು ಬರ್ಬೇಕಿತ್ತು ಅತ್ತಿ?”

ಎರ್ರಮ್ಮ ಸೆರಗು ತಲೆಗೆಳೆದುಕೊಂಡು ಮುಂದೆ ನಡೆದಳು. ಸ್ವಲ್ಪ ದೂರ ಬಿಟ್ಟು ಉಚ್ಚಂಗೆಮ್ಮನೂ ನಡೆದಳು. ಆ ಊರಲ್ಲಿ ಅವಳಿಗೆ ಹೋಗಲು ಬೇರೆ ಮನೆಯಿರಲಿಲ್ಲ.

ಸಂಜೆ ಬೀದಿಯ ನಲ್ಲಿಗೆ ನೀರು ಬಂತು. ಅವಳು ಕೊಡ ಹಿಡಿದು ಹೋದಾಗ, ದಿನವೂ ಸರತಿಗಾಗಿ ಜಗಳ ಕಾಯುವ ಹೆಂಗಸರು ಮಾತು ನಿಲ್ಲಿಸಿ ಸರಿದು ದಾರಿ ಬಿಟ್ಟರು. ದುರುಗಮ್ಮ ಅರ್ಧ ತುಂಬಿದ್ದ ತನ್ನ ಕೊಡವನ್ನು ಪಕ್ಕಕ್ಕೆಳೆದು, ಅವಳ ಮುಖ ನೋಡದೆ, “ನೀ ಹಿಡ್ಕಾ” ಎಂದಳು. ಉಚ್ಚಂಗೆಮ್ಮ ಕೊಡ ಇಟ್ಟಳು. ಅದು ತುಂಬಿ, ಕಂಠ ಮೀರಿ, ನೀರು ಎಲ್ಲರ ಕಾಲಡಿ ಹರಿಯತೊಡಗಿತು. ಅವಳು ತೆಗೆಯಲಿಲ್ಲ. ತೆಗಿ ಎಂದು ಯಾರೂ ಅನ್ನಲಿಲ್ಲ.