ಹಳದಿ ಗೆರೆಯ ನಟ್ಟು

ಸೋತವನು ಎದ್ದು ಹೋಗಬೇಕು, ಗೆದ್ದವನು ಬಂದು ಕೂರಬೇಕು. ಇಷ್ಟು ಮಾಡಲು ಒಂದು ಬಸ್ ಡಿಪೋಗೆ ಎಷ್ಟು ಹೊತ್ತು ಬೇಕು? ಸ್ಟೋರಕ್ಕನ ಪ್ರಕಾರ ಐದು ನಿಮಿಷ. ಆದರೆ ಫಲಿತಾಂಶ ಬಂದು ನಾಲ್ಕು ದಿನವಾದರೂ ಮೈಕಣ್ಣ ಕಾರ್ಮಿಕ ಸಂಘದ ಕೋಣೆ ಬಿಟ್ಟು ಅಲ್ಲಾಡಿರಲಿಲ್ಲ. ಒಳಗಿನಿಂದ ಚಿಲಕ ಹಾಕಿಕೊಂಡು, ಕಿಟಕಿಯಲ್ಲಿ ಚಹಾ ತರಿಸಿಕೊಂಡು, ಅದೇ ಕಿಟಕಿಯಿಂದ ಭಾಷಣ ಬಿಗಿಯುತ್ತಿದ್ದ.

"ನಾನು ಸೋತಿಲ್ಲ! ನನ್ನನ್ನ ಸೋಲಿಸಿದಾರೆ! ಸ್ಟೋರಲ್ಲಿ ಮೋಸ ಆಗಿದೆ!"

ಮೈಕು ಇಲ್ಲದೆಯೂ ಡಿಪೋದ ಮೂಲೆಮೂಲೆಗೆ ಕೇಳುವ ಗಂಟಲು ಅವನದು. ಆ ಹೆಸರು ಬಂದದ್ದೇ ಅದಕ್ಕೆ. ಒಂಬತ್ತು ವರ್ಷ ಅಧ್ಯಕ್ಷನಾಗಿದ್ದ. ಆ ಒಂಬತ್ತು ವರ್ಷದಲ್ಲಿ ಹೊಸ ಕ್ವಾರ್ಟರ್ಸ್ ಕೊಡಿಸುತ್ತೇನೆ ಅಂದ, ಕೊಡಿಸಲಿಲ್ಲ. ವರ್ಕ್‌ಶಾಪಿನ ಚಾವಣಿ ಸೋರುವುದನ್ನು ಒಂದೇ ವಾರದಲ್ಲಿ ನಿಲ್ಲಿಸುತ್ತೇನೆ ಅಂದ. ಅದು ಈಗಲೂ ಸೋರುತ್ತದೆ, ಕೆಳಗಿಟ್ಟ ಬಕೆಟ್ಟು ಮಾತ್ರ ಎರಡು ಸಲ ಬದಲಾಗಿದೆ.

ಸ್ಟೋರಕ್ಕ ಇಪ್ಪತ್ತೆರಡು ವರ್ಷದಿಂದ ಡಿಪೋದ ಸ್ಟೋರಿನಲ್ಲಿ ಬಿಡಿಭಾಗ ಕೊಡುವವಳು. ಯಾರ ಪರವೂ ಅಲ್ಲ, ಯಾರಿಗೂ ಒಂದು ಬೋಲ್ಟು ಹೆಚ್ಚು ಕೊಟ್ಟವಳಲ್ಲ ಎಂದು ಎರಡೂ ಕಡೆಯವರು ಸೇರಿ ಅವಳನ್ನೇ ಚುನಾವಣಾಧಿಕಾರಿ ಮಾಡಿದ್ದರು. ಬೇಡ ಬೇಡ ಅಂದರೂ ಕೇಳಿರಲಿಲ್ಲ. ಈಗ ನೋಡಿದರೆ ಇಡೀ ಡಿಪೋದಲ್ಲಿ ಕಳ್ಳಿ ಎಂದರೆ ಅವಳೊಬ್ಬಳೇ.

ಹಾಗೆ ಮೊದಲು ಕರೆದವನು ಮೈಕಣ್ಣನಲ್ಲ, ಅವಳ ಸ್ವಂತ ಅಣ್ಣ. ಅದೇ ಡಿಪೋದಲ್ಲಿ ಚಕ್ರದ ಫಿಟ್ಟರ್. ಫಲಿತಾಂಶದ ಮಾರನೆಯ ದಿನ ತುಂಬಿದ ಕ್ಯಾಂಟೀನಿನಲ್ಲಿ ಬೆಂಚಿನ ಮೇಲೆ ನಿಂತು, "ನನ್ನ ತಂಗಿ ಆದ್ರೇನು? ಕಳ್ಳಿ ಕಳ್ಳಿನೇ!" ಎಂದು ಕೂಗಿದ್ದ. ಅಪ್ಪ ಸತ್ತ ಮೇಲೆ ಅವಳನ್ನು ಓದಿಸಿದವನು, ಈ ಕೆಲಸಕ್ಕೆ ಅರ್ಜಿ ತಂದುಕೊಟ್ಟವನು, ದಿನಾ ಬೆಳಿಗ್ಗೆ ತನ್ನ ಸ್ಕೂಟರಿನಲ್ಲಿ ಕೂರಿಸಿಕೊಂಡು ಬರುತ್ತಿದ್ದವನು ಅವನೇ. ನಾಲ್ಕು ದಿನದಿಂದ ಅವನು ಮುಂದೆ ಹೋಗುತ್ತಿದ್ದ, ಅವಳು ಹಿಂದಿನಿಂದ ಬಸ್ಸು ಹಿಡಿದು ಬರುತ್ತಿದ್ದಳು.

ಅವಳಿಗೆ ಅಳು ಬರಲಿಲ್ಲ, ಮೈಯೆಲ್ಲ ಉರಿಯಿತು. ಯಾಕೆಂದರೆ ನಿಜವಾಗಿ ಏನಾಗಿತ್ತು ಎನ್ನುವುದು ಅವಳಿಗೆ ಗೊತ್ತಿತ್ತು, ಅಣ್ಣನಿಗಾಗಿಯೇ ಅವಳು ಬಾಯಿ ಬಿಟ್ಟಿರಲಿಲ್ಲ.

ಆ ಡಿಪೋದಲ್ಲಿ ಮತಪತ್ರ ಅಂತ ಇಲ್ಲ. ಸಂಘ ಕಟ್ಟಿದ ಕಾಲಕ್ಕೆ ಅರ್ಧ ಜನಕ್ಕೆ ಓದು ಬರುತ್ತಿರಲಿಲ್ಲವಂತೆ. ಹಾಗಾಗಿ ಒಬ್ಬೊಬ್ಬರಿಗೂ ನಕ್ಷತ್ರದ ಗುರುತು ಹೊಡೆದ ಒಂದು ತಾಮ್ರದ ವಾಷರ್. ಪರದೆಯ ಹಿಂದೆ ಎರಡು ಆಯಿಲ್ ಡ್ರಮ್ಮು, ಒಬ್ಬೊಬ್ಬ ಅಭ್ಯರ್ಥಿಗೆ ಒಂದೊಂದು. ಯಾವುದಕ್ಕೆ ಬಿತ್ತು ಎಂದು ಸದ್ದಿನಿಂದ ತಿಳಿಯಬಾರದೆಂದು ತಳದಲ್ಲಿ ಹಳೇ ಬಟ್ಟೆ. ಎಲ್ಲ ಓದಲು ಕಲಿತು ಎಷ್ಟೋ ವರ್ಷವಾದರೂ ಪದ್ಧತಿ ಮಾತ್ರ ಹಾಗೇ ಉಳಿದಿತ್ತು. ನಕ್ಷತ್ರದ ವಾಷರನ್ನು ಮಾತ್ರ ಎಣಿಸಲಾಗುವುದು ಎಂದು ಅವಳೇ ದಪ್ಪಕ್ಷರದಲ್ಲಿ ಬರೆದು ಗೋಡೆಗೆ ಅಂಟಿಸಿದ್ದಳು. ಓದು ಬರುತ್ತದೆ ಎಂದ ಮಾತ್ರಕ್ಕೆ ಓದುತ್ತಾರೆಯೇ?

ಸ್ಟೋರಿನಲ್ಲಿ ಅವಳೊಬ್ಬಳೇ ಕೂತು ಮಾಡಿದ ಎಣಿಕೆಯಲ್ಲಿ, ಎದುರಾಳಿಯಾಗಿ ನಿಂತಿದ್ದ ಹಾಜರಿಯ ಟೈಮ್‌ಕೀಪರಿಗೆ ನೂರಾ ಮೂರು, ಮೈಕಣ್ಣನಿಗೆ ತೊಂಬತ್ತೇಳು. ಮೈಕಣ್ಣನ ಡ್ರಮ್ಮಿನ ತಳದಲ್ಲಿ ವಾಷರಿನ ಜೊತೆ ಇನ್ನೂ ಹನ್ನೆರಡು ವಸ್ತು ಇದ್ದವು. ಮುಷ್ಟಿಗಾತ್ರದ, ಒಂದೊಂದೂ ಇಪ್ಪತ್ತು ವಾಷರಿನ ಭಾರದ ಚಕ್ರದ ನಟ್ಟುಗಳು.

ನೋಡಿದ ಕೂಡಲೇ ಅವಳಿಗೆ ಅರ್ಥವಾಯಿತು, ಹಣೆ ಹಣೆ ಚಚ್ಚಿಕೊಂಡಳು. ಸ್ಟೋರಿನಲ್ಲಿ ಸಣ್ಣ ಸಾಮಾನನ್ನು ಯಾರೂ ಎಣಿಸುವುದಿಲ್ಲ, ತಕ್ಕಡಿಗೆ ಹಾಕಿ ತೂಗುತ್ತಾರೆ. ಮತವನ್ನೂ ತೂಗುತ್ತಾರೆ ಎಂದುಕೊಂಡು ಹನ್ನೆರಡು ಜನ ಮೇಧಾವಿಗಳು ವಾಷರನ್ನು ಜೇಬಿಗಿಳಿಸಿ ನಟ್ಟು ಹಾಕಿ ಬಂದಿದ್ದರು. ಗುರುತಿನ ವಾಷರನ್ನೇ ಹಾಕಿದ್ದರೆ ಅವರ ನಾಯಕ ನೂರಾ ಒಂಬತ್ತರಲ್ಲಿ ಗೆದ್ದು ಮೆರೆಯುತ್ತಿದ್ದ.

ಹನ್ನೊಂದು ನಟ್ಟು ಬರಿ ಗ್ರೀಸು ಮೆತ್ತಿದವು, ಯಾರವೆಂದು ಹೇಳಲಾಗದು. ಒಂದರ ಮೇಲೆ ಮಾತ್ರ ಹಳದಿ ಬಣ್ಣದ ಗೆರೆ ಇತ್ತು. ಚಕ್ರ ಬಿಗಿದ ಮೇಲೆ ಫಿಟ್ಟರುಗಳು ನಟ್ಟಿನ ಮೇಲೆ ಒಂದು ಗೆರೆ ಎಳೆಯುತ್ತಾರೆ. ಒಬ್ಬೊಬ್ಬರದು ಒಂದೊಂದು ಬಣ್ಣ, ಏನಾದರೂ ಹೆಚ್ಚುಕಡಿಮೆಯಾದರೆ ಯಾರ ಕೈಕೆಲಸ ಎಂದು ತಿಳಿಯಲಿ ಅಂತ. ಹಳದಿ ಅಣ್ಣನದು. ಅವಳು ಹನ್ನೆರಡನ್ನೂ ಕ್ಯಾನ್ವಾಸ್ ಚೀಲಕ್ಕೆ ಹಾಕಿ, ಮೊಹರು ಮಾಡಿ, "ರದ್ದಾದದ್ದು ಹನ್ನೆರಡು" ಎಂದಷ್ಟೇ ಓದಿ ಹೇಳಿದ್ದಳು.

ಐದನೆಯ ದಿನ ಡಿಪೋ ಮ್ಯಾನೇಜರ್ ಅವಳನ್ನು ಕರೆಸಿದರು. ಅವರ ಮೇಜಿನ ಗಾಜು ಒಡೆದು ವರ್ಷಗಳೇ ಆಗಿತ್ತು. ಅದನ್ನು ಗುದ್ದಿ ಒಡೆದವನೂ ಮೈಕಣ್ಣನೇ.

"ನಾಳೆ ಹನ್ನೊಂದಕ್ಕೆ ಎಲ್ಲರ ಮುಂದೆ ಚೀಲ ಬಿಚ್ಚಮ್ಮ. ಇಲ್ಲಾಂದ್ರೆ ನಿನ್ನನ್ನ ಸ್ಟೋರಿಂದ ತೆಗೀದೇ ನನಗೆ ಬೇರೆ ದಾರಿ ಇಲ್ಲ. ಕಳ್ಳಿ ಅನ್ನಿಸ್ಕೊಂಡೋರ ಕೈಲಿ ಬೀಗದ ಕೈ ಹೇಗೆ ಬಿಡೋದು?"

ಸಂಜೆ ಕೆಲಸ ಮುಗಿಸಿ ಅವಳು ನೇರವಾಗಿ ಅಣ್ಣನ ಮನೆಗೆ ಹೋದಳು. ಅತ್ತಿಗೆ ಬಾಗಿಲು ತೆರೆದು, ಇಬ್ಬರ ಮುಖವನ್ನೂ ನೋಡಿ, "ಹೊಡೆದಾಡೋದಿದ್ರೆ ಲೋಟ ಎತ್ತಿಟ್ಟಿರ್ತೀನಿ" ಎಂದು ಒಳಗೆ ಹೋದಳು.

"ನಾಳೆ ಚೀಲ ಬಿಚ್ತೀನಿ. ನಿನಗೆ ಮೊದಲೇ ಹೇಳೋಣ ಅಂತ ಬಂದೆ" ಎಂದಳು.

ಅಣ್ಣನ ಮುಖ ಬಿಳಿಚಿತು. "ಬೇಡ."

"ಯಾಕೆ ಬೇಡ? ಮೋಸ ಬಯಲಾಗ್ಲಿ ಅಂತ ತಾನೆ ಬೆಂಚು ಹತ್ತಿ ಕೂಗಿದ್ದು?"

ಅವನು ಶರ್ಟಿನ ಜೇಬಿನಿಂದ ನಕ್ಷತ್ರದ ವಾಷರ್ ತೆಗೆದು ಮಂಡಿಯ ಮೇಲೆ ಇಟ್ಟುಕೊಂಡು ಅದನ್ನೇ ನೋಡುತ್ತ ಕುಳಿತ.

"ಅಂದ್ರೆ ನಿನಗೆ ಗೊತ್ತಿತ್ತು" ಎಂದಳು ಸ್ಟೋರಕ್ಕ. "ಮೊದಲ ದಿನದಿಂದ ಗೊತ್ತಿತ್ತು!"

"ನೀನು ರದ್ದು ಹನ್ನೆರಡು ಅಂದಾಗ್ಲೇ ಗೊತ್ತಾಯ್ತು."

"ಮತ್ತೆ ನನ್ನನ್ನ ಕಳ್ಳಿ ಅಂದ್ಯಲ್ಲೋ! ಡ್ರಮ್ಮಿಗೆ ನಟ್ಟು ಹಾಕಿ ಮೋಸ ಮಾಡೋಕೆ ಹೋದೋರು ನೀವು!"

"ಅದು ಮೋಸ ಅಲ್ಲ. ಒಂದು ಕೈ ಜಾಸ್ತಿ ಸಹಾಯ ಮಾಡೋಣ ಅಂತ."

ಅವಳಿಗೆ ನಗಬೇಕೋ ಅವನ ತಲೆಗೆ ಮೊಟಕಬೇಕೋ ತಿಳಿಯಲಿಲ್ಲ. "ಏನು ಮಾಡಿದಾನೆ ಅವನು ನಿನಗೆ? ಕ್ವಾರ್ಟರ್ಸ್ ಕೊಟ್ನಾ? ಚಾವಣಿ ಕಟ್ಟಿಸಿದ್ನಾ? ಬಾಯಿ ಬಿಟ್ರೆ ಸುಳ್ಳು!"

"ಸುಳ್ಳು ಹೇಳ್ತಾನೆ ಅಂತ ನಮಗೆ ಗೊತ್ತಿಲ್ಲ ಅಂದ್ಕೊಂಡ್ಯಾ? ಅಷ್ಟು ದಡ್ಡರಾ ನಾವು?" ಅಣ್ಣ ಮೊದಲ ಸಲ ತಲೆ ಎತ್ತಿದ. "ಮ್ಯಾನೇಜರ್ ಸುಳ್ಳು ಹೇಳ್ತಾನೆ, ಮೇಲಿನೋರೆಲ್ಲ ಹೇಳ್ತಾರೆ. ನಮ್ಮ ಪರವಾಗಿ ಸುಳ್ಳು ಹೇಳೋನು ಇವನೊಬ್ನೇ. ಜಾಕ್ ಜಾರಿ ನನ್ನ ಕೈ ಸಿಕ್ಕಿಹಾಕ್ಕೊಂಡಾಗ, ನಿನ್ನದೇ ತಪ್ಪು ಅಂತ ಬರೆದ್ರಲ್ಲ, ಆಗ ಮ್ಯಾನೇಜರ್ ಮೇಜಿಗೆ ಗುದ್ದಿದ್ದು ಯಾರು? ಏನೂ ಆಗಲಿಲ್ಲ, ಒಪ್ತೀನಿ. ಕಾಗದ ಹಾಗೇ ಉಳೀತು. ಆದ್ರೆ ಗುದ್ದಿದ್ನಲ್ಲ! ಈ ಟೈಮ್‌ಕೀಪರ್ ಇದಾನಲ್ಲ, ಒಳ್ಳೆಯೋನೇ, ಚಾರ್ಟು ಗೀರ್ಟು ಎಲ್ಲ ಚೆನ್ನಾಗಿ ಹಾಕ್ತಾನೆ. ಹದಿನಾಲ್ಕು ವರ್ಷದಿಂದ ನನ್ನ ಕಾರ್ಡು ಪಂಚ್ ಮಾಡ್ತಾನೆ. ಒಂದು ದಿನ ಮುಖ ನೋಡಿಲ್ಲ. ನಾನು ಅವನಿಗೆ ನಾನೂರ ಹದಿನೇಳು, ಅಷ್ಟೇ. ನೀನೂ ಅಷ್ಟೇ. ಕೌಂಟರಿಗೆ ಬಂದ್ರೆ ನಂಬರ್ ಹೇಳಿ ಅಂತೀಯ, ನಿನ್ನ ಸ್ವಂತ ಅಣ್ಣಂಗೆ!"

ಆ ಮಾತು ಅವಳಿಗೆ ಚುಚ್ಚಿತು. ನಿಜವೇ, ಹಾಗೆ ಅನ್ನುತ್ತಿದ್ದಳು. ಆದರೆ ಅದಕ್ಕೆ ಪ್ರತಿಯಾಗಿ ಕಳ್ಳಿ ಎನಿಸಿಕೊಳ್ಳಬೇಕೇ?

"ಸರಿ, ಅವನೇ ದೇವರು ಅಂತ ಇಟ್ಕೋ" ಎಂದಳು. "ನನ್ನ ಹೆಸರು ಯಾಕೆ ಹಾಳು ಮಾಡ್ದೆ?"

ಅಣ್ಣ ವಾಷರನ್ನು ಮತ್ತೆ ಜೇಬಿಗಿಳಿಸಿದ. "ನೀನು ಮೋಸ ಮಾಡಿದ್ರೆ, ಅವನು ಸೋತಿದ್ದು ನಿನ್ನಿಂದ. ನೀನು ಮಾಡಿಲ್ಲ ಅಂದ್ರೆ ಅವನನ್ನ ಸೋಲಿಸಿದೋನು ನಾನು. ಅದನ್ನ ಇಟ್ಕೊಂಡು ನಾನು ಹೇಗೆ ಬದುಕ್ಲಿ ಹೇಳು?" ಆಮೇಲೆ ದನಿ ತಗ್ಗಿಸಿ ಅಂದ. "ಬಿಚ್ಚೋದೇ ಆದ್ರೆ ಮೊದಲು ಆ ಗೆರೆ ಒಂದು ಕೆರೆದುಬಿಡು ತಂಗಿ. ನಿಮಿಷದ ಕೆಲಸ."

"ಈಗ ನಿಜವಾಗ್ಲೂ ಕಳ್ಳಿ ಆಗು ಅಂತೀಯ" ಎಂದು ಅವಳು ಎದ್ದಳು. ಅತ್ತಿಗೆ ತಂದ ಚಹಾವನ್ನೂ ಮುಟ್ಟಲಿಲ್ಲ. ದಾರಿಯುದ್ದಕ್ಕೂ ಅಣ್ಣನನ್ನು, ಮೈಕಣ್ಣನನ್ನು, ಓಟು ಎನ್ನುವುದನ್ನು ಕಂಡುಹಿಡಿದವನನ್ನು ಸೇರಿಸಿ ಬೈದಳು.

ಮರುದಿನ ಹನ್ನೊಂದಕ್ಕೆ ಇಡೀ ಡಿಪೋ ಅಂಗಳದಲ್ಲಿ ಸೇರಿತ್ತು. ಐದು ದಿನದ ನಂತರ ಮೈಕಣ್ಣ ಕೋಣೆಯಿಂದ ಹೊರಬಂದ, ಬರುವಾಗ ಬಾಗಿಲಿಗೆ ಬೀಗ ಜಡಿದು ಕೀಲಿ ಸೊಂಟಕ್ಕೆ ಸಿಕ್ಕಿಸಿಕೊಂಡೇ ಬಂದ. ಸ್ಟೋರಕ್ಕ ಡ್ರಮ್ಮುಗಳ ಮತ್ತು ಚೀಲದ ಮೊಹರು ತೋರಿಸಿ ಒಡೆದು, ಮೊದಲು ವಾಷರುಗಳನ್ನು ಹತ್ತು ಹತ್ತರಂತೆ ಜೋಡಿಸಿದಳು. ನೂರಾ ಮೂರು. ತೊಂಬತ್ತೇಳು. ಆಮೇಲೆ ಚೀಲ ಬಿಚ್ಚಿ ಹನ್ನೆರಡು ನಟ್ಟನ್ನು ಮೇಜಿನ ಮೇಲೆ ಸುರಿದಳು. ಗೆರೆ ಎಲ್ಲಿತ್ತೋ ಅಲ್ಲೇ ಇತ್ತು.

ಎಲ್ಲರೂ ಕತ್ತು ಚಾಚಿದರು. ಹಳದಿ ಯಾರದೆಂದು ಅಲ್ಲಿ ಗೊತ್ತಿಲ್ಲದವರಿಲ್ಲ. ಮೈಕಣ್ಣನೂ ನೋಡಿದ. ಅವನ ಕಣ್ಣು ನಟ್ಟಿನಿಂದ ಅಣ್ಣನ ಮುಖಕ್ಕೆ ಹೋಯಿತು, ಅಲ್ಲಿದ್ದದ್ದನ್ನೆಲ್ಲ ಓದಿಕೊಂಡಿತು. ಇನ್ನೇನು ಒಪ್ಪಿಕೊಳ್ಳುತ್ತಾನೆ, ಮುಗಿಯಿತು ಎಂದುಕೊಂಡಳು ಸ್ಟೋರಕ್ಕ.

ಮೈಕಣ್ಣ ಆ ನಟ್ಟನ್ನು ಎತ್ತಿ ಹಿಡಿದು ಗಂಟಲು ತೆರೆದ. "ನೋಡಿದ್ರಾ! ನಮ್ಮ ಹುಡುಗನ ನಟ್ಟು ಕದ್ದು ಒಳಗೆ ಹಾಕಿದಾರೆ! ಅಣ್ಣನ ಹೆಸರನ್ನೂ ಬಿಡಲಿಲ್ಲ ಇವಳು! ಹೇಳು ತಮ್ಮಾ, ಧೈರ್ಯವಾಗಿ ಹೇಳು. ಇದನ್ನ ನೀನು ಹಾಕಿದ್ಯಾ?"

"ಯಾರು ಏನು ಹಾಕಿದ್ರು ಅಂತ ಕೇಳೋ ಹಾಗಿಲ್ಲ!" ಎಂದು ಸ್ಟೋರಕ್ಕ ಕಿರುಚಿದಳು. ನಿಯಮ ಅದು. ಆದರೆ ಅಣ್ಣ ಆಗಲೇ ಬಾಯಿ ತೆರೆದಿದ್ದ.

"ಇಲ್ಲ" ಎಂದ. "ನಾನು ಹಾಕಿಲ್ಲ."

ಅರ್ಧ ಅಂಗಳ ಹೋ ಎಂದಿತು. ಮೈಕಣ್ಣ ಅವನನ್ನು ಎಳೆದು ತಬ್ಬಿಕೊಂಡ. ಅಣ್ಣ ಆ ಭುಜದ ಮೇಲೆ ಮುಖವಿಟ್ಟು ಬಿಕ್ಕಿ ಬಿಕ್ಕಿ ಅತ್ತ. ತಂಗಿ ಇಂಥ ಕೆಲಸ ಮಾಡಿದಳಲ್ಲ ಎಂದು ಪಾಪ ಅಳುತ್ತಿದ್ದಾನೆ ಎಂದುಕೊಂಡು ಸುತ್ತಲಿದ್ದವರೂ ಕಣ್ಣೊರೆಸಿಕೊಂಡರು. ಅಳುವಾಗಲೂ ಅವನ ಒಂದು ಕೈ ಶರ್ಟಿನ ಜೇಬನ್ನು ಒತ್ತಿ ಹಿಡಿದಿತ್ತು.

ಮ್ಯಾನೇಜರ್ ಅವಳ ಕಿವಿಯ ಹತ್ತಿರ ಬಗ್ಗಿದರು. "ಅವನ ಜೇಬು ಒಂದು ನೋಡಿಸಿಬಿಡಮ್ಮ. ಎಲ್ಲ ಇತ್ಯರ್ಥ ಆಗುತ್ತೆ."

ಹೌದು, ಆಗುತ್ತಿತ್ತು. ಒಂದು ಮಾತು ಸಾಕಿತ್ತು. ಅವಳ ಹೆಸರು ತೊಳೆದಂತಾಗುತ್ತಿತ್ತು, ಇಪ್ಪತ್ತೆರಡು ವರ್ಷದ ಸ್ಟೋರು ಉಳಿಯುತ್ತಿತ್ತು. ಅವಳು ಆ ಜೇಬನ್ನೇ ನೋಡಿದಳು.

"ಓಟು ಹಾಕಿದೋರ ಜೇಬು ನೋಡೋ ನಿಯಮ ಇಲ್ಲ ಸಾರ್" ಎಂದು, ಫಲಿತಾಂಶದ ಹಾಳೆಗೆ ಸಹಿ ಹಾಕಿ, ಸ್ಟೋರಿನ ಬೀಗದ ಕೈಯನ್ನು ಅದರ ಮೇಲಿಟ್ಟಳು. ಮೈಕಣ್ಣ ತನ್ನ ಕೋಣೆಗೆ ವಾಪಸು ಹೊರಟಿದ್ದ. ಗೆದ್ದ ಟೈಮ್‌ಕೀಪರ್ ಸಂಘದ ಕಚೇರಿಯನ್ನು ಮೆಟ್ಟಿಲ ಕೆಳಗೆ ಇಟ್ಟುಕೊಳ್ಳಬಹುದೇ ಎಂದು ಯಾರನ್ನೋ ವಿನಯದಿಂದ ಕೇಳುತ್ತಿದ್ದ.

ಗುಂಪು ಕರಗುವಾಗ ಅಣ್ಣ ಅವಳ ಮೇಜನ್ನು ದಾಟಿಕೊಂಡೇ ಹೋಗಬೇಕಿತ್ತು. ಕೆಂಪು ಕಣ್ಣು, ನೆಲಕ್ಕೆ ನೆಟ್ಟ ನೋಟ. ಅವಳು ಅವನಿಗೊಬ್ಬನಿಗೇ ಕೇಳುವಂತೆ ಹೇಳಿದಳು:

"ಮುಂದಿನ ಸಲಾನೂ ಅವನಿಗೇ ಹಾಕು, ಬೇಡ ಅನ್ನಲ್ಲ. ಆದ್ರೆ ವಾಷರ್ ಹಾಕೋ, ಪೆದ್ದೇ."