ನೀಲಮ್ಮನ ತಿರುಪಿನ ತಂಬಿಗೆ

ನಾನು ಒಂದು ಹಿತ್ತಾಳೆಯ ತಂಬಿಗೆ. ಊಟದ ತಾಟಿನ ಪಕ್ಕ ಬಾಯಿ ತೆರೆದು ಕೂರುವ ತಂಬಿಗೆಯಲ್ಲ, ಪ್ರಯಾಣದ ತಂಬಿಗೆ. ನನ್ನ ಬಾಯಿಗೆ ತಿರುಪಿನ ಮುಚ್ಚಳವಿದೆ, ಹಿಡಿದು ತೂಗಾಡಿಸಿಕೊಂಡು ಹೋಗಲು ಒಂದು ಬಳೆಯಿದೆ. ತುಂಬಿ ಬಿಗಿದು ತಲೆಕೆಳಗು ಮಾಡಿದರೂ ಒಂದು ಹನಿ ಸೋರಬಾರದು. ನಮ್ಮ ಜಾತಿಗೆ ಇರುವುದು ಅದೊಂದೇ ಮರ್ಯಾದೆ.

ನನ್ನನ್ನು ಮಾಡಿದವನು ವಿಜಾಪುರದ ಒಬ್ಬ ಕಂಚುಗಾರ. ಹಿತ್ತಾಳೆಯ ತಗಡನ್ನು ಕಾಸಿ, ಬಡಿದು, ಮತ್ತೆ ಕಾಸಿ, ಮತ್ತೆ ಬಡಿದು ಗುಂಡಗೆ ಮಾಡಿದ. ಹುಟ್ಟುವಾಗಲೇ ಅಷ್ಟು ಪೆಟ್ಟು ತಿಂದವರಿಗೆ ಲೋಕದ ಮೇಲೆ ನಂಬಿಕೆ ಎಲ್ಲಿಂದ ಬರಬೇಕು? ನನ್ನ ಸ್ವಭಾವವೇ ಸಂಶಯದ್ದು. ಯಾರಾದರೂ ನಕ್ಕರೆ ಯಾಕೆ ನಕ್ಕರು ಎಂದುಕೊಳ್ಳುತ್ತೇನೆ, ನಗದಿದ್ದರೆ ಯಾಕೆ ನಗಲಿಲ್ಲ ಎಂದುಕೊಳ್ಳುತ್ತೇನೆ. ಅಂಗಡಿಯಲ್ಲಿ ನನ್ನನ್ನು ಎತ್ತಿ ನೋಡಿದವರೆಲ್ಲ ಮೊದಲು ಬೆರಳಿನಿಂದ ತಟ್ಟಿ ನೋಡುತ್ತಿದ್ದರು. ಅವರಿಗೆ ನನ್ನ ಮೇಲೆ ಸಂಶಯ, ನನಗೆ ಅವರ ಮೇಲೆ.

ಕೊನೆಗೆ ಒಬ್ಬ ತಂದೆ ಮಗಳ ಮದುವೆಗೆಂದು ನನ್ನನ್ನು ಕೊಂಡ. ಹೆಸರು ಕೊರೆಯುವವನು ನನ್ನ ಹೊಟ್ಟೆಯ ಮೇಲೆ ಚಾಣದಿಂದ ಚುಕ್ಕೆ ಚುಕ್ಕೆ ಬಡಿದು ‘ನೀಲಮ್ಮ’ ಎಂದು ಬರೆದ. ನೋವಾಯಿತು. ಆದರೆ ಆ ದಿನದಿಂದ ನಾನು ಯಾರೋ ಒಬ್ಬರ ತಂಬಿಗೆ ಆದೆ.

ನೀಲಮ್ಮನ ಗಂಡ ಸಂಗನಬಸಪ್ಪ ಊರಿನ ಹತ್ತಿ ಗಿರಣಿಯಲ್ಲಿ ಫಿಟ್ಟರ್. ಅವರಿಗೆ ಒಬ್ಬಳೇ ಮಗಳು, ಶೈಲಾ. ಆ ಮನೆಯಲ್ಲಿ ನೀಲಮ್ಮ ಒಂದು ರೂಢಿ ಹಾಕಿದ್ದಳು. ಬೇಸಿಗೆಯ ಸೂಟಿ ಬಂದರೆ ಅಕ್ಕಪಕ್ಕದವರು ಮಕ್ಕಳನ್ನು ಕಟ್ಟಿಕೊಂಡು ಸೋದರಮಾವಂದಿರ ಊರಿಗೆ ಓಡುತ್ತಿದ್ದರು. ನೀಲಮ್ಮ ಎಲ್ಲಿಗೂ ಹೋಗುತ್ತಿರಲಿಲ್ಲ. ರವಿವಾರಕ್ಕೊಂದರಂತೆ ಊರೊಳಗಿನ ಒಂದೊಂದು ಜಾಗಕ್ಕೆ ಬುತ್ತಿ ಕಟ್ಟುತ್ತಿದ್ದಳು. ಒಂದು ವಾರ ಇಬ್ರಾಹಿಂ ರೋಜಾ, ಒಂದು ವಾರ ಬಾರಾ ಕಮಾನ್, ಒಂದು ವಾರ ಉಪ್ಪಲಿ ಬುರುಜು.

“ಎಲ್ಲೆಲ್ಲಿಂದೋ ಮಂದಿ ರೈಲ ಹತ್ತಿ ಬಂದು ನೋಡತಾರ. ನಾವು ಇಲ್ಲೇ ಹುಟ್ಟಿ, ನೋಡಲಾರದ ಸಾಯೂದಂದ್ರ ಏನರಿ?” ಎಂದು ಗಂಡನನ್ನು ಎಬ್ಬಿಸುತ್ತಿದ್ದಳು. ಕಟಕ ರೊಟ್ಟಿ, ಶೇಂಗಾ ಚಟ್ನಿ, ಎಣ್ಣೆಗಾಯಿ ಬುಟ್ಟಿಯೊಳಗೆ. ನೀರು ನನ್ನೊಳಗೆ.

ಉಪ್ಪಲಿ ಬುರುಜಿನ ಮೆಟ್ಟಿಲ ಮೇಲೆ ಒಮ್ಮೆ ಶೈಲಾಳ ಕೈಯಿಂದ ಜಾರಿ ಬಿದ್ದೆ. ಕೆಳಗಿನವರೆಗೂ ಉರುಳಿದೆ. ನನ್ನ ಬಾಯಿಯ ಅಂಚು ಒಂದು ಕಡೆ ಸೊಟ್ಟಾಯಿತು. ಅಂದಿನಿಂದ ಮುಚ್ಚಳ ಬಿಗಿದರೆ ಬಿಡುತ್ತಿರಲಿಲ್ಲ, ಬಲ ಹಾಕಿದಷ್ಟೂ ಕಚ್ಚಿಕೊಳ್ಳುತ್ತಿತ್ತು. ನೀಲಮ್ಮ ನನ್ನನ್ನು ತೊಡೆಯ ಮೇಲಿಟ್ಟುಕೊಂಡು, ತಿರುವಿ ತಿರುವಿ, ಒಂದು ಉಪಾಯ ಕಂಡುಹಿಡಿದಳು. ಸೊಟ್ಟ ಇದ್ದ ಕಡೆ ಹೆಬ್ಬೆರಳು ಒತ್ತಬೇಕು, ಮೊದಲು ಬಿಗಿಯುವ ಕಡೆಗೇ ಒಂಚೂರು ತಿರುಗಿಸಬೇಕು, ಆಮೇಲೆ ಬಿಡಿಸಬೇಕು. ಅದನ್ನು ಮಗಳಿಗೆ ಮಾತ್ರ ಕಲಿಸಿದಳು. “ನಿಮ್ಮಪ್ಪಗ ಹೇಳಬ್ಯಾಡ. ಅಂವಾ ಫಿಟ್ಟರ, ತಾನ ಬಿಡಸಲಿ” ಎಂದು ನಕ್ಕಳು. ತಾಯಿ ಮಗಳು ಕೂಡಿ ಆ ಮನುಷ್ಯನನ್ನು ಬಹಳ ಸತಾಯಿಸಿದರು. ಅವನೆದುರು ಬಿಡಿಸುತ್ತಿದ್ದವಳು ನೀಲಮ್ಮ ಮಾತ್ರ, ಮಗಳಿಗೂ ಅದು ಬರುತ್ತದೆಂದು ಅವನಿಗೆ ಗೊತ್ತಿರಲಿಲ್ಲ.

ಸೂಟಿಯ ಕೊನೆಯ ರವಿವಾರ ಗೋಳಗುಮ್ಮಟಕ್ಕೆ ಮೀಸಲು. ನಸುಕಿನಲ್ಲಿ, ಕೂಗುವ ಮಂದಿ ಬರುವ ಮೊದಲೇ ಹೋಗಬೇಕು. ಗುಮ್ಮಟದೊಳಗಿನ ಸುತ್ತುಗಟ್ಟೆಯಲ್ಲಿ ಬಾಗಿಲ ಹತ್ತಿರ ನೀಲಮ್ಮ ಕೂರುತ್ತಿದ್ದಳು, ಎದುರು ತುದಿಗೆ ಶೈಲಾ ಓಡಿಹೋಗಿ ಗೋಡೆಗೆ ಕಿವಿ ಹಚ್ಚುತ್ತಿದ್ದಳು. ನಡುವೆ ಕಣ್ಣು ಕತ್ತಲೆಗಟ್ಟುವಷ್ಟು ಆಳ. ನೀಲಮ್ಮ ಗೋಡೆಗೆ ಬಾಯಿಟ್ಟು, “ಶೈಲವ್ವಾ, ಬುತ್ತಿಯೊಳಗ ಶೇಂಗಾ ಹೋಳಗಿ ಅದ” ಎಂದು ಪಿಸುಗುಟ್ಟಿದರೆ ಅದು ಸುತ್ತಿ ಬಳಸಿ ಮಗಳ ಕಿವಿಗೆ ಮುಟ್ಟುತ್ತಿತ್ತು. ಆ ಗೋಡೆಯ ಮೇಲೂ ನನಗೆ ಸಂಶಯವಿತ್ತು. ಒಬ್ಬರ ಮಾತನ್ನು ಇನ್ನೊಬ್ಬರಿಗೆ ಮುಟ್ಟಿಸುವ ಗುಣ ಒಳ್ಳೆಯದಲ್ಲ.

ಒಂದು ಮಳೆಗಾಲದಲ್ಲಿ ನೀಲಮ್ಮ ಜ್ವರ ಬಂದು ತೀರಿಕೊಂಡಳು. ಅವಳದೊಂದು ಫೋಟೋ ಕೂಡ ಮನೆಯಲ್ಲಿ ಇರಲಿಲ್ಲ. ಅವಳ ಹೆಸರು ಉಳಿದದ್ದು ನನ್ನ ಹೊಟ್ಟೆಯ ಮೇಲೆ, ಅವಳ ಉಪಾಯ ಉಳಿದದ್ದು ಶೈಲಾಳ ಹೆಬ್ಬೆರಳಲ್ಲಿ. ಮುಂದಿನ ಬೇಸಿಗೆಯಲ್ಲಿ ಯಾರೂ ಬುತ್ತಿ ಕಟ್ಟಲಿಲ್ಲ. ನಾನು ಅಡುಗೆಮನೆ ಗೋಡೆಯ ನಾಗೊಂದಿಗೆಯ ಮೇಲೆ ಕುಳಿತು ಕಪ್ಪಾದೆ.

ಅದರ ಮುಂದಿನ ವರ್ಷ ಸಂಗನಬಸಪ್ಪ ಇನ್ನೊಂದು ಮದುವೆಯಾದ. ಬಂದವಳು ಕಸ್ತೂರಿ, ಡೋಣಿ ಹೊಳೆಯ ದಂಡೆಯ ಹಳ್ಳಿಯವಳು. ಬಂದ ವಾರದಲ್ಲೇ ನನ್ನನ್ನು ಕೆಳಗಿಳಿಸಿ ಹುಣಸೆಹಣ್ಣು ಹಚ್ಚಿ ಉಜ್ಜಿ ಉಜ್ಜಿ ಬಂಗಾರ ಮಾಡಿದಳು. ನನಗೆ ಆಗಲೇ ಅನುಮಾನ. ಮಾರುವವರೇ ಅಲ್ಲವೇ ಮೈ ತೊಳೆಯುವುದು? ನಮ್ಮ ಕಡೆ ಎರಡನೆಯ ಹೆಂಡತಿಯಾಗಿ ಬಂದವಳು ಸತ್ತ ಮೊದಲನೆಯವಳನ್ನು ಅಕ್ಕ ಎಂದು ನಡೆಸಿಕೊಳ್ಳಬೇಕು, ಹೊಸ ಸೀರೆ ಉಡುವ ಮೊದಲು ಅಕ್ಕನಿಗೆ ಏರಿಸಿ ಉಡಬೇಕು. ಫೋಟೋ ಇಲ್ಲದ್ದಕ್ಕೆ ಕಸ್ತೂರಿ ನನ್ನ ಮುಂದೆಯೇ ಸೀರೆ ಇಟ್ಟು, ‘ನೀಲಮ್ಮ’ ಎಂಬ ಅಕ್ಷರಕ್ಕೆ ಕುಂಕುಮ ಹಚ್ಚಿದಳು. ಕುಂಕುಮ ಹಚ್ಚಿಯೇ ಕುರಿ ಕಡಿಯುವವರನ್ನು ನಾನು ಕಂಡಿಲ್ಲವೇ?

ಶೈಲಾಳೂ ನನ್ನ ಪಂಗಡದವಳೇ. ಅವಳು ಕಸ್ತೂರಿಯನ್ನು ಯಾವ ಹೆಸರಿನಿಂದಲೂ ಕರೆಯುತ್ತಿರಲಿಲ್ಲ. ‘ಚಿಗವ್ವ ಅನ್ನು’ ಎಂದು ಅಪ್ಪ ಹೇಳಿ ಹೇಳಿ ಸೋತ. ಬೇಸಿಗೆಯ ಸೂಟಿ ಬಂದಾಗ ಕಸ್ತೂರಿ ತಾನಾಗಿಯೇ, “ರವಿವಾರ ಬುತ್ತಿ ಕಟಗೊಂಡ ಹೋಗತಿದ್ರಂತ? ಈ ವರ್ಷನೂ ಹೋಗೂಣ್ರಿ” ಎಂದಳು. ಶೈಲಾ ನನ್ನ ಕಡೆ ನೋಡಿದಳು. ಅವ್ವನ ರವಿವಾರಕ್ಕೂ ಇವಳು ಕೈ ಹಾಕಿದಳಲ್ಲ ಎಂಬ ಸಿಟ್ಟು ಆ ನೋಟದಲ್ಲಿತ್ತು.

ಹುಡುಗಿ ಸೇಡು ತೀರಿಸಿಕೊಂಡ ಬಗೆ ಹೀಗಿತ್ತು: ಮನೆಯಲ್ಲಿ ನೀರು ತುಂಬಿ ನನ್ನ ಮುಚ್ಚಳವನ್ನು ತಾನೇ ಬಿಗಿಯುವಳು. ಜಾಗ ಮುಟ್ಟಿದ ಮೇಲೆ ಕಂಬದ ಮರೆಗೆ ಹೋಗಿ, ಉಪಾಯದಿಂದ ತೆರೆದು ಕುಡಿದು, ಮತ್ತೆ ಬಿಗಿದು ತಂದಿಡುವಳು. ಆಮೇಲೆ ಕಸ್ತೂರಿ ತಿರುವಬೇಕು. ಇಬ್ರಾಹಿಂ ರೋಜಾದಲ್ಲಿ ರೊಟ್ಟಿ ಗಂಟಲಿಗೆ ಸಿಕ್ಕು ಅವಳ ಕಣ್ಣಲ್ಲಿ ನೀರು ಬಂತು, ನನ್ನೊಳಗಿನ ನೀರು ಬರಲಿಲ್ಲ. ಸಂಗನಬಸಪ್ಪ ಮೊಣಕಾಲ ನಡುವೆ ನನ್ನನ್ನು ಇರುಕಿ, ಹಲ್ಲು ಕಚ್ಚಿ ತಿರುವಿದ. ಮಾಲಿಗಳು ನಿಂತು ನೋಡಿ ನಕ್ಕರು. ಗಿರಣಿಯ ಯಂತ್ರಗಳನ್ನೇ ಬಿಚ್ಚಿ ಹರಡುವ ಫಿಟ್ಟರನಿಗೆ ತಂಬಿಗೆಯ ಮುಚ್ಚಳ ಮಣಿಯಲಿಲ್ಲ ಎಂದರೆ ಅದೆಂಥ ಅವಮಾನ! ಕೊನೆಗೆ ಅವರು ಮಾಲಿಯ ಕೊಡದಿಂದ ಕುಡಿದರು.

“ಸಾಕಿನ್ನ ಇದರ ಸಹವಾಸ” ಎಂದ ಸಂಗನಬಸಪ್ಪ ಕಸ್ತೂರಿಗೆ. “ಗುಮ್ಮಟಕ್ಕ ಹೋಗೂದರೊಳಗ ಇದನ್ನ ಭಾಂಡೆ ಅಂಗಡಿಗೆ ಹಾಕಿ ಹೊಸಾದ ತಂದಬಿಡು.”

ಶೈಲಾಳ ಮುಖ ಬಿಳಿಚಿತು. ಅವ್ವನ ತಂಬಿಗೆಯನ್ನು ಕಾಯಲೆಂದು ಅವಳು ಮುಚ್ಚಿಟ್ಟ ಗುಟ್ಟೇ ಈಗ ತಂಬಿಗೆಯನ್ನು ಮನೆಯಿಂದ ಹೊರಗೆ ಹಾಕುತ್ತಿತ್ತು. ಹೇಳಿಬಿಟ್ಟರೆ ನಾನು ಉಳಿಯುತ್ತಿದ್ದೆ. ಆದರೆ ಅವ್ವ ತನಗೊಬ್ಬಳಿಗೇ ಕೊಟ್ಟುಹೋದದ್ದು ಅದೊಂದೇ, ಅದನ್ನು ಇವಳ ಕೈಗೆ ಹೇಗೆ ಕೊಡುವುದು? ಹುಡುಗಿ ತುಟಿ ಬಿಗಿದಳು. ನಾನು ಹೆಮ್ಮೆಪಟ್ಟೆ, ಹೆದರಿದೆ ಕೂಡ.

ಶನಿವಾರ ಕಸ್ತೂರಿ ನನ್ನನ್ನು ಸೆರಗಿನಲ್ಲಿ ಮುಚ್ಚಿಕೊಂಡು ಪಾತ್ರೆ ಅಂಗಡಿಗೆ ಹೋದಳು. ಅಲ್ಲಿ ಸೆರಗು ಸರಿಸಿದಾಗ, ಶೈಲಾ ಹಿಂದೆಯೇ ಬಂದು ರಸ್ತೆಯ ಆಚೆ ನಿಂತದ್ದನ್ನು ನಾನು ಕಂಡೆ. ಅಂಗಡಿಯವನು ನನ್ನನ್ನು ತಕ್ಕಡಿಗೆ ಹಾಕಿದ. ಅಷ್ಟು ನೋಡಿದ್ದೇ ಹುಡುಗಿ ಅಳುತ್ತ ಮನೆಯ ಕಡೆ ಓಡಿದಳು.

“ಹಳೇ ಹಿತ್ತಾಳಿ, ಛಲೋ ಅದ. ಕರಗಿಸಿದ್ರ ಎರಡ ದೀಪ ಆಗ್ತಾವ” ಎಂದ ಅಂಗಡಿಯವನು, ನೀಲಮ್ಮನ ಹೆಸರಿನ ಮೇಲೆ ಹೆಬ್ಬೆರಳು ಆಡಿಸುತ್ತ.

ಕಸ್ತೂರಿ ತಕ್ಕಡಿಯಿಂದ ನನ್ನನ್ನು ಎತ್ತಿಕೊಂಡು ಹೊರಟುಬಿಟ್ಟಳು. ಯಾಕೆ ಎತ್ತಿಕೊಂಡಳು? ಇನ್ನೊಂದು ಅಂಗಡಿಯಲ್ಲಿ ಹೆಚ್ಚು ಸಿಕ್ಕೀತು ಎಂದಿರಬೇಕು ಎಂದು ನಾನು ಲೆಕ್ಕ ಹಾಕಿದೆ. ಮನೆಗೆ ಬಂದು, “ಅಂಗಡಿಯವಂದು ಯಾಕೋ ಸರಿ ಬರಲಿಲ್ಲರಿ” ಎಂದಷ್ಟೇ ಗಂಡನಿಗೆ ಹೇಳಿದಳು. ಆ ಮಾತನ್ನು ನಾನೂ ನಂಬಲಿಲ್ಲ, ಶೈಲಾಳೂ ನಂಬಲಿಲ್ಲ.

ಮರುದಿನ ಗೋಳಗುಮ್ಮಟ. ಶೈಲಾ ತುಂಬಿ ಬಿಗಿದದ್ದೇ ತಡ, ಕಸ್ತೂರಿ ನನ್ನನ್ನು ತನ್ನ ಕೈಯಲ್ಲೇ ಹಿಡಿದುಕೊಂಡಳು, ಯಾರಿಗೂ ಕೊಡಲಿಲ್ಲ. ಹಾಗಾಗಿ ಹುಡುಗಿಗೆ ಮರೆಯಲ್ಲಿ ಕುಡಿಯುವ ದಾರಿ ಇಲ್ಲವಾಯಿತು. ಆ ಇಕ್ಕಟ್ಟಿನ ಮೆಟ್ಟಿಲುಗಳನ್ನು ಹತ್ತುವಷ್ಟರಲ್ಲಿ ಅವಳ ತುಟಿ ಒಣಗಿ ಬಿಳಿಯಾಗಿತ್ತು. ಕೇಳಲಿಲ್ಲ. ಗುಮ್ಮಟದ ಹೊರಗೆ ಮೇಲಿನ ಮಾಳಿಗೆಯ ಬಯಲಿನಲ್ಲಿ ಸಂಗನಬಸಪ್ಪ, “ನನಗ ತಲಿ ತಿರಗತದ, ನೀವ ಹೋಗಿ ಬರ್ರಿ” ಎಂದು ಬುತ್ತಿಯ ಜೊತೆ ಕುಳಿತ.

ಒಳಗೆ ಕಾಲಿಟ್ಟದ್ದೇ ಶೈಲಾ ಓಡಿದಳು. ಎದುರು ತುದಿಗೆ, ತಾನು ಯಾವಾಗಲೂ ಕೂರುತ್ತಿದ್ದ ಜಾಗಕ್ಕೆ ಹೋಗಿ ಗೋಡೆಗೆ ಕಿವಿ ಹಚ್ಚಿ ಕಣ್ಣು ಮುಚ್ಚಿದಳು. ಏನು ಕೇಳಲೆಂದು ಹಚ್ಚಿದಳೋ ನಿಮಗೆ ಹೇಳಬೇಕಾಗಿಲ್ಲ.

ಕಸ್ತೂರಿಗೆ ಆ ಗುಮ್ಮಟ ಹೊಸದು, ಗೋಡೆಯ ಗುಣ ಗೊತ್ತಿಲ್ಲ. ಆಳ ನೋಡಿ ಬೆದರಿ, ಬಾಗಿಲ ಹತ್ತಿರವೇ ಗೋಡೆಗೆ ಅಂಟಿ ಕುಳಿತಳು. ಅದು ನೀಲಮ್ಮ ಕೂರುತ್ತಿದ್ದ ಜಾಗ. ನನ್ನನ್ನು ತೊಡೆಯ ಮೇಲಿಟ್ಟುಕೊಂಡು ತಿರುವಿದಳು. ನಾನು ಕಚ್ಚಿ ಹಿಡಿದೆ. ಅವಳ ಅಂಗೈ ಕೆಂಪಾಯಿತು. ಆಮೇಲೆ ನನ್ನ ಮೇಲೆ ಬಾಗಿ, ಹೆಸರಿನ ಮೇಲೆ ಕೈಯಿಟ್ಟು, ಯಾರಿಗೂ ಕೇಳಬಾರದೆಂದು ಸಣ್ಣ ದನಿಯಲ್ಲಿ ಮಾತಾಡಿದಳು.

“ನೀಲಕ್ಕಾ, ನಿನ್ನಿ ನಿನ್ನ ತಕ್ಕಡಿಯೊಳಗ ಹಾಕಿದ್ದು ನನ್ನ ತಪ್ಪ. ಅಂವಾ ಕರಗಸತೀನಿ ಅಂದಕೂಡಲೇ ಎದಿ ಧಸ್ಕ ಅಂತು, ಎತಗೊಂಡ ಬಂದೀನಿ. ನನ್ನ ಮ್ಯಾಲ ಸಿಟ್ಟಿದ್ರ ಇರಲಿ, ನನಗ ನೀರ ಕೊಡಬ್ಯಾಡ. ಆದ್ರ ಹುಡುಗಿ ತುಟಿ ಒಣಗ್ಯಾವು ನೋಡು. ಆಕಿ ನನ್ನ ಕೇಳಂಗಿಲ್ಲ. ನಿನ್ನ ಮಗಳಲ್ಲೇನ ಅಕ್ಕಾ, ಆಕಿ ಸಲುವಾಗಿ ಬಿಡು.”

ಗೋಡೆ ತನ್ನ ಚಾಳಿ ಬಿಡಲಿಲ್ಲ. ಎದುರಿನಲ್ಲಿ ಶೈಲಾ ಥಟ್ಟನೆ ನೆಟ್ಟಗಾದದ್ದು ಕಂಡಿತು. ಒಂದು ಪಾರಿವಾಳ ರೆಕ್ಕೆ ಬಡಿದು ಸುತ್ತು ಹಾಕಿತು, ಆ ಸದ್ದು ಅಡಗುವವರೆಗೆ ಹುಡುಗಿ ಕದಲಲಿಲ್ಲ. ಅವ್ವನ ದನಿಗಾಗಿ ಇಟ್ಟ ಕಿವಿಗೆ ಇವಳ ದನಿ ಬಿದ್ದಿತ್ತು. ಗುಟ್ಟು ಈಗಲೂ ಅವಳ ಬಾಯಲ್ಲೇ ಇತ್ತು. ಹೇಳುತ್ತಾಳೋ ಇಲ್ಲವೋ, ನನಗೂ ತಿಳಿಯಲಿಲ್ಲ.

ಆಮೇಲೆ ಗೋಡೆಯೊಳಗಿಂದ ಬಂತು: “ಚಿಗವ್ವಾ...”

ಕಸ್ತೂರಿ ನಡುಗಿ ನನ್ನನ್ನು ನೋಡಿದಳು. ನಾನೇ ಮಾತಾಡಿದೆ ಎಂದುಕೊಂಡಳೋ ಏನೋ.

“ಚಿಗವ್ವಾ, ಸೊಟ್ಟ ಇದ್ದಲ್ಲಿ ಹೆಬ್ಬಟ್ಟ ಒತ್ತು. ಮೊದಲ ಬಿಗಿಯೂ ಕಡೆ ಒಂಚೂರ ತಿರುವು. ಆಮ್ಯಾಲ ಬಿಡಸು.”

ಕಸ್ತೂರಿ ತಲೆಯೆತ್ತಿ ಎದುರಿಗೆ ನೋಡಿದಳು. ಅಷ್ಟು ದೂರದಲ್ಲಿ ಲಂಗದ ಹುಡುಗಿ ಗೋಡೆಗೆ ಮುಖ ಹಚ್ಚಿ ನಿಂತಿದ್ದಳು. ಕಸ್ತೂರಿ ಹೇಳಿದಂತೆಯೇ ಮಾಡಿದಳು. ನಾನು ಏನು ಮಾಡಲಿ? ಮನೆಯ ಮಗಳೇ ಹೇಳಿಕೊಟ್ಟ ಮೇಲೆ ನನ್ನದೇನು ನಡೆಯುತ್ತದೆ? ಬಿಟ್ಟುಬಿಟ್ಟೆ.

ಅವಳು ಕುಡಿಯಲಿಲ್ಲ. ತೆರೆದ ನನ್ನ ಬಾಯಿಗೆ ಅಂಗೈ ಮುಚ್ಚಿ, ಆಳದ ಹೆದರಿಕೆಗೆ ಗೋಡೆ ಸವರಿಕೊಂಡು, ಅರ್ಧ ಸುತ್ತು ನಡೆದಳು. ಶೈಲಾ ಗಟಗಟ ಕುಡಿದಳು, ಕೆನ್ನೆಯ ಮೇಲೆ ನೀರೂ ಕಣ್ಣೀರೂ ಕೂಡಿ ಇಳಿದವು. ಆಮೇಲೆ ನನ್ನನ್ನು ಎರಡೂ ಕೈಯಿಂದ ಎತ್ತಿ, “ನೀನೂ ಕುಡಿ” ಎಂದಳು. ಹೊರಗೆ ಸಂಗನಬಸಪ್ಪ ತೆರೆದ ತಂಬಿಗೆ ನೋಡಿ, “ಯಾರ ಬಿಡಿಸಿದ್ರು?” ಎಂದ. ಇಬ್ಬರೂ ಒಬ್ಬರ ಮುಖ ಒಬ್ಬರು ನೋಡಿ ನಕ್ಕು ಬುತ್ತಿ ಬಿಚ್ಚಿದರು. ಆ ಬಡಪಾಯಿ ಫಿಟ್ಟರನಿಗೆ ಸಾಯುವವರೆಗೂ ಅದು ತಿಳಿಯಲಿಲ್ಲ.

ಶೈಲಾಳ ಮದುವೆಗೆ ಕಸ್ತೂರಿ ನನ್ನನ್ನು ಅವಳ ಮಡಿಲಿಗೆ ಕೊಟ್ಟಳು. ಕೊಡುವ ಮೊದಲು ಹೆಸರು ಕೊರೆಯುವವನ ಹತ್ತಿರ ಒಯ್ದಿದ್ದಳು. ಚಾಣ ಕಂಡೊಡನೆ ನನ್ನ ಹಳೆಯ ಸಂಶಯ ಎದ್ದು ಕುಳಿತಿತು: ಇದಕ್ಕೇ ಇಷ್ಟು ವರ್ಷ ಕಾದಳೇ? ಆದರೆ ಅವಳು ನೀಲಮ್ಮನ ಹೆಸರಿನ ಕೆಳಗೆ ‘ಶೈಲಾ’ ಎಂದು ಕೊರೆಸಿದಳು, ಅಷ್ಟೇ. ಅದನ್ನು ನೋಡಿ ಶೈಲಾ, “ನಿನ್ನ ಹೆಸರೆಲ್ಲಿ?” ಎಂದು ಜಗಳ ತೆಗೆದು, ನನ್ನನ್ನು ಮತ್ತೆ ಅದೇ ಚಾಣದ ಕೆಳಗೆ ತಳ್ಳಿದಳು. ಈಗ ನನ್ನ ಹೊಟ್ಟೆಯ ಮೇಲೆ ಮೂರು ಹೆಸರು. ಮೈಯೆಲ್ಲ ಗಾಯ.

ಕಸ್ತೂರಿ ತೀರಿಹೋಗಿ ಬಹಳ ವರ್ಷಗಳಾದವು. ನಾನೀಗ ವಿಜಾಪುರದಲ್ಲೇ ಶೈಲಾಳ ಮನೆಯ ಗಾಜಿನ ಕಪಾಟಿನಲ್ಲಿದ್ದೇನೆ. ನನ್ನ ಅಕ್ಕಪಕ್ಕ ಪ್ಲಾಸ್ಟಿಕ್ ಹೂವು, ಮೊಮ್ಮಕ್ಕಳ ಕಪ್ಪುಗಳು. ಕಪಾಟಿಗೆ ಬೀಗ ಏಕಿಲ್ಲ ಎಂದು ನನಗೆ ದಿನವೂ ಚಿಂತೆ. ಕಸ್ತೂರಿಯ ವಿಷಯದಲ್ಲಿ ನನ್ನ ಸಂಶಯ ಪೂರ್ತಿ ತಪ್ಪಾಗಿತ್ತೆಂದು ನಾನು ಇಂದಿಗೂ ಬಾಯಿಬಿಟ್ಟು ಒಪ್ಪಿಲ್ಲ. ಸಂಶಯ ಪಡುವುದು ಕಾವಲುಗಾರನ ಕೆಲಸ, ಅದಕ್ಕೆ ಕ್ಷಮೆ ಕೇಳುವ ಪದ್ಧತಿ ಇಲ್ಲ.

ಈ ಬೇಸಿಗೆಯ ಸೂಟಿಗೆ ಮೊಮ್ಮಗಳು ಪೂರ್ವಿ ಬಂದಿದ್ದಾಳೆ. ಶೈಲಾಳಿಗೆ ಮೊಣಕಾಲು ನೋವು, ಗುಮ್ಮಟ ಹತ್ತಲಾಗದು. ಆದರೂ ನಿನ್ನೆ ಸಂಜೆ ನನ್ನನ್ನು ಇಳಿಸಿ, ತೊಳೆದು, ನೀರು ತುಂಬಿ, ಮಗುವಿನ ತೊಡೆಯ ಮೇಲಿಟ್ಟಳು. “ನಾಳೆ ಗುಮ್ಮಟಕ್ಕ ಒಯ್ಯಾಕಿದ್ದಿ. ಬಿಡಸು ನೋಡೂಣ” ಎಂದಳು.

ನಿಜ ಹೇಳಿಬಿಡುತ್ತೇನೆ. ನನ್ನ ತಿರುಪು ಸವೆದು ಎಷ್ಟೋ ಕಾಲವಾಯಿತು, ಸೊಟ್ಟವೂ ತಿಕ್ಕಿ ತಿಕ್ಕಿ ನೆಟ್ಟಗಾಗಿದೆ. ಈಗ ಯಾರು ಹೇಗೆ ತಿರುವಿದರೂ ಮುಚ್ಚಳ ಬಿಡುತ್ತದೆ. ಇದು ಶೈಲಾಳಿಗೆ ಗೊತ್ತು ಎಂಬ ಅನುಮಾನ ನನಗೆ ಮೊದಲಿನಿಂದಲೂ ಇದೆ. ಗೊತ್ತಿದ್ದೂ ಅವಳು ಪ್ರತಿಸಲ ಹೆಬ್ಬೆರಳು ಒತ್ತಿ, ಮೊದಲು ಬಿಗಿಯುವ ಕಡೆಗೇ ತಿರುಗಿಸುತ್ತಾಳೆ.

ಪೂರ್ವಿ ಎಳೆಗೈಯಿಂದ ತಿರುವಿದಳು. ನಾನು ಇದ್ದಬದ್ದ ಬಲವೆಲ್ಲ ಸೇರಿಸಿ ಕಚ್ಚಿ ಹಿಡಿದೆ. ಶೈಲಾ ನಗುತ್ತ ಮಗುವಿನ ಕಿವಿಗೆ ಬಾಯಿಟ್ಟು ಏನೋ ಪಿಸುಗುಟ್ಟಿದಳು. ಮಗು ಹೆಬ್ಬೆರಳನ್ನು ಸರಿಯಾದ ಜಾಗದಲ್ಲಿ ಒತ್ತುವವರೆಗೂ ಕಾದು, ಆಮೇಲೆ ನಾನು ಬಿಟ್ಟೆ.