ತಮ್ಮನ ಹೆಡ್‌ಫೋನ್

ಫೋನು ಬಂದಾಗ ರಮಾಮಣಿ ಶ್ರೀರಾಂಪುರದ ಮನೆಯಲ್ಲಿ ದೇವರ ಮುಂದೆ ಕುಳಿತು ಹೂಬತ್ತಿ ಹೊಸೆಯುತ್ತಿದ್ದರು. ತಮ್ಮ ಸುಂದರೇಶ ಇನ್ನಿಲ್ಲವೆಂದು ಅವನ ಮಗ ಅಭಿನವ ಹೇಳಿದ. ಕುವೆಂಪುನಗರದ ಪಾರ್ಕಿನ ಬೆಂಚಿನ ಮೇಲೆ ಹೆಡ್‌ಫೋನ್ ಹಾಕಿಕೊಂಡು ಕೂತವನು ಕೂತ ಹಾಗೆಯೇ ಹೋಗಿಬಿಟ್ಟಿದ್ದ. ಹಾಡು ಕೇಳುತ್ತಿದ್ದಾರೆಂದುಕೊಂಡು ವಾಕಿಂಗಿಗೆ ಬಂದವರು ಯಾರೂ ಮಾತಾಡಿಸಿರಲಿಲ್ಲ.

ಅವನು ಕೇಳುತ್ತಿದ್ದುದು ದೇವರನಾಮವಲ್ಲ. ವಯಸ್ಸಾಗಿ ಕಿವಿ ಮಂದವಾದ ಮೇಲೆ ಕಛೇರಿಗೆ ಹೋದರೆ ಪಿಟೀಲಿನ ಕಮಾನು ಆಡುವುದು ಕಾಣುತ್ತಿತ್ತು, ನಾದ ಕೇಳುತ್ತಿರಲಿಲ್ಲ. ಒಂದು ದಿನ ತಮಾಷೆಗೆಂದು ಮಗಳು ಸಮನ್ವಿತಾಳ ಹೆಡ್‌ಫೋನ್ ಹಾಕಿಕೊಂಡ. ಹುಡುಗರು ಕುಣಿಯುವ ಇಡಿಎಂ ಎಂಬ ಧುಂ ಧುಂ ಸಂಗೀತ. ಅಂದಿನಿಂದ ಅದೇ ಹುಚ್ಚು. ರಮಾಮಣಿ ನಕ್ಕರೆ, "ಇದು ಕಿವಿಗಲ್ಲ ಕಣಕ್ಕ, ಎದೆಗೆ ಕೇಳ್ಸತ್ತೆ," ಎನ್ನುತ್ತಿದ್ದ.

ಹನ್ನೆರಡನೆಯ ದಿನ ಕೊಡೆ, ಪಾದರಕ್ಷೆಗಳ ಜೊತೆ ಹೋದವರಿಗೆ ಪ್ರಿಯವಾದದ್ದನ್ನೂ ದಾನ ಕೊಡಬೇಕು. ಇಲ್ಲವಾದರೆ ಜೀವ ಅದಕ್ಕಾಗಿ ತಡಕಾಡುತ್ತದೆಂದು ರಮಾಮಣಿಯವರ ನಂಬಿಕೆ. ಹಳೆಯದು ಮೈಲಿಗೆಯಾಗಿತ್ತು, ಹೊಸದೇ ಆಗಬೇಕು. ತಮ್ಮನ ಮನೆಯವರೆಲ್ಲ ಸೂತಕದಲ್ಲಿದ್ದರು. ಮದುವೆಯಾಗಿ ಬೇರೆ ಗೋತ್ರಕ್ಕೆ ಹೋದ ಅಕ್ಕನಿಗೆ ಮೂರೇ ದಿನ. ಹೀಗಾಗಿ ಅಂಗಡಿಗೆ ಅವರೇ ಹೊರಟರು.

ಅರಸು ರಸ್ತೆಯ ಅಂಗಡಿಯಲ್ಲಿ ಗಗನ ಎಂಬ ಹುಡುಗಿ ಒಂದೊಂದಾಗಿ ತೆಗೆದಿಟ್ಟಳು. ರಮಾಮಣಿ ತಮ್ಮ ಫೋನಿನಲ್ಲಿದ್ದ ವಿಷ್ಣು ಸಹಸ್ರನಾಮ ಹಾಕಿಸಿ ಕೇಳಿದರು. ಒಂದರಲ್ಲಿ ನಾಮಗಳು ಮುತ್ತು ಪೋಣಿಸಿದಂತೆ ಬಂದವು. ಇದನ್ನೇ ಕೊಡಮ್ಮ ಎಂದರು.

"ದೇವರ ಹಾಡಿಗೆ ಇದೇ ಸರಿ ಅಜ್ಜಿ. ಬೇಸ್ ಕಮ್ಮಿ, ಧುಂ ಅನ್ನಲ್ಲ, ಮಾತು ಸ್ಪಷ್ಟ."

ಅವರ ಕೈ ಪರ್ಸಿನಲ್ಲೇ ನಿಂತಿತು. ಕೊಳ್ಳುವುದು ಅವನಿಗೆ, ಆರಿಸಿದ್ದು ತನ್ನ ಕಿವಿಗೆ. "ನನಗಲ್ಲ ಕಣಮ್ಮ, ನನ್ನ ತಮ್ಮನಿಗೆ. ಅವನು ಕೇಳೋದು ಕುಣಿಯೋ ಹಾಡು."

"ತಾತಂಗಾ? ಭಾರಿ ತಾತ ಬುಡಿ. ಕರ್ಕೊಂಡೇ ಬರ್ಬೇಕಿತ್ತು."

"ಬರೋ ಹಾಗಿಲ್ಲಮ್ಮ ಅವನು."

ಗಗನಳ ನಗು ನಿಂತಿತು. ಬೇರೆ ಎರಡನ್ನು ತಂದು, ತನ್ನ ಫೋನಿನಿಂದ ಧುಂ ಧುಂ ಹಾಕಿದಳು. ಮೊದಲನೆಯದು ತಲೆಯೊಳಗೆ ತಗಡು ಬಡಿದಂತಿತ್ತು. ಎರಡನೆಯದರಲ್ಲಿ ಸದ್ದು ಕೆಳಗಿನಿಂದ ಏರಿ ಪಕ್ಕೆಯೆಲುಬನ್ನು ಮೆಲ್ಲಗೆ ನಡುಗಿಸಿತು. ರಮಾಮಣಿ ಕಣ್ಣು ಮುಚ್ಚಿ ಎದೆಯ ಮೇಲೆ ಕೈಯಿಟ್ಟುಕೊಂಡರು. "ಇದು," ಎಂದರು.

ದಾನ ತೆಗೆದುಕೊಂಡವರು ಅದನ್ನು ಕೊಟ್ಟವರ ಎದುರಿಗೇ ಬಳಸಬೇಕು. ಹನ್ನೆರಡನೆಯ ದಿನ ಪುರೋಹಿತ ವಾಗೀಶ ಶಾಸ್ತ್ರಿಗಳು ಹೊಸ ಪಾದರಕ್ಷೆ ಮೆಟ್ಟಿದರು, ಕೊಡೆ ಬಿಚ್ಚಿ ಹಿಡಿದರು. ಹೆಡ್‌ಫೋನ್ ಮುಂದೆ ಬಂದಾಗ ಬಗ್ಗಿ ನೋಡಿದರು. ಒಲ್ಲೆನೆಂದುಬಿಟ್ಟರೆ ಎಂದು ರಮಾಮಣಿ ತಟ್ಟೆಯನ್ನು ಇನ್ನಷ್ಟು ಮುಂದಕ್ಕೆ ಸರಿಸಿದರು.

ಶಾಸ್ತ್ರಿಗಳು ಜುಟ್ಟನ್ನು ಓರೆ ಮಾಡಿ ಅದನ್ನು ಕಿವಿಗೇರಿಸಿದರು. ಅಭಿನವ ಅಪ್ಪನ ಫೋನಿನಿಂದ ಹಾಡು ಹಚ್ಚಿದ. ಅವರ ಹುಬ್ಬು ಗಂಟಿಕ್ಕಿತು. ಸ್ವಲ್ಪ ಹೊತ್ತಿಗೆ ಗಂಟು ಸಡಿಲಿತು. ಪಾದರಕ್ಷೆಯೊಳಗಿನ ಹೆಬ್ಬೆರಳು ತನ್ನಷ್ಟಕ್ಕೆ ತಾಳ ಹಾಕತೊಡಗಿತು.

"ತೃಪ್ತಿಯಾಯ್ತು ತಾಯಿ," ಎಂದರು, ತಮ್ಮ ದನಿ ತಮಗೇ ಕೇಳದೆ ಬೀದಿಗೆಲ್ಲ ಕೇಳುವಷ್ಟು ಜೋರಾಗಿ.

ಸಮನ್ವಿತಾ ಅಳುತ್ತಲೇ ನಕ್ಕಳು. ರಮಾಮಣಿ ಕೈಜೋಡಿಸಿದರು. ನಾರಾಯಣಾ, ನನ್ನ ತಮ್ಮನಿಗೆ ಇನ್ನು ಯಾವ ಕೊರತೆಯೂ ಇಲ್ಲ. ಅವನನ್ನು ನಿನ್ನ ಪಾದದ ಹತ್ತಿರ ಸೇರಿಸಿಕೊಂಡು ಶಾಂತಿ ಕೊಡಪ್ಪ.